ಗುರುವಾರದ ಸಂಜೆ: ಮನೆಯೊಳಗಿನ ಏಕಾಂತ ಪ್ರಾರ್ಥನೆ ನಡೆದು ಬಂದ ದಾರಿ



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಕ್ರೈಸ್ತರ ಮನೆಗಳು ಅಲ್ಲೊಂದು ಇಲ್ಲೊಂದು. ಭಾನುವಾರದ ಆರಾಧನೆ ಮುಗಿದ ಮೇಲೆ ಆ ಮನೆಗಳ ತಾಯಂದಿರು ತಮ್ಮತಮ್ಮಲ್ಲೇ ಹೇಳಿಕೊಳ್ಳುವ ಚಿಂತೆಯೊಂದಿದೆ. "ಮಗ ಹತ್ತನೇತ್ತೆಗೆ ಬಂದಾನ, ಸತ್ಯವೇದ ಕೈಯಾಗ ಹಿಡಿಯೋದೇ ಬಿಟ್ಟಾನ. ಪ್ರಾರ್ಥನಾಕ್ಕ ಕೂಡು ಅಂದ್ರ ಫೋನ್ ತಗೊಂಡು ಮಾಳಿಗಿ ಹತ್ತತಾನ." ಈ ಚಿಂತೆ ಖಜೂರಿ ಹಳ್ಳಿಯ ಕಡೆಗೂ ಇದೆ, ಕಲಬುರಗಿ ಪಟ್ಟಣದಲ್ಲೂ ಇದೆ. ಹರೆಯದ ಮಕ್ಕಳು ದಿನದಲ್ಲಿ ಸ್ವಲ್ಪ ಹೊತ್ತು ದೇವರ ಮುಂದೆ ಸುಮ್ಮನೆ ಕೂರುವುದನ್ನು ಹಿಂದಿನ ಮನೆಗಳು ಹೇಗೆ ಕಲಿಸಿದವು, ಆ ರೂಢಿ ನಮ್ಮ ಸೀಮೆಗೆ ಹೇಗೆ ಬಂತು ಎಂಬುದನ್ನು ಇವತ್ತು ಹೇಳುತ್ತೇನೆ.

ಮೊದಲು ಸತ್ಯವೇದಕ್ಕೇ ಹೋಗೋಣ. ಕಪೆರ್ನೌಮಿನಲ್ಲಿ ಯೇಸು ಸೀಮೋನನ ಮನೆಯಲ್ಲಿ ಇಳಿದುಕೊಂಡಿದ್ದಾಗ ಊರಿಗೆ ಊರೇ ಬಾಗಿಲಿಗೆ ಬಂದು ನಿಂತಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಆತ ಎದ್ದು, ಊರಾಚೆಯ ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನು ಬರೆದಿದ್ದಾನೆ. ಮನೆಯಲ್ಲಿ ಜಾಗವಿರಲಿಲ್ಲ, ಬಯಲಲ್ಲಿತ್ತು. ಒಂದೇ ಖೋಲಿಯ ಮನೆಯವರು ಇದನ್ನು ನೆನಪಿಡಬೇಕು. ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂಬ ಯೇಸುವಿನ ಮಾತನ್ನು ಓದಿ, ನಮಗೆ ಅಂಥ ಕೋಣೆಯೇ ಇಲ್ಲವಲ್ಲ ಎಂದು ಹಿಂಜರಿಯುವ ಮಕ್ಕಳಿದ್ದಾರೆ. ಅವರಿಗೆ ಮಾಳಿಗೆಯಿದೆ, ತೊಗರಿ ಹೊಲದ ಬದುವಿದೆ.

ಬಾಲಕ ಸಮುವೇಲನ ಕಥೆಯನ್ನು ನಾನು ತಂದೆತಾಯಂದಿರಿಗಾಗಿಯೇ ನೆನೆಯುತ್ತೇನೆ. ರಾತ್ರಿ ಹೆಸರು ಹಿಡಿದು ಕರೆದದ್ದು ದೇವರ ದನಿಯೆಂದು ಹುಡುಗನಿಗೆ ತಿಳಿಯದು. ಮೂರು ಸಲವೂ ಮುದುಕ ಯಾಜಕ ಏಲಿಯ ಬಳಿಗೆ ಓಡುತ್ತಾನೆ. ಏಲಿ ಅವನಿಗೆ ಹೇಗೆ ಓಗೊಡಬೇಕೆಂದು ಹೇಳಿಕೊಟ್ಟು, ಮಲಗಲು ಕಳಿಸುತ್ತಾನೆ. ಜೊತೆಗೆ ಹೋಗಿ ಕೂರಲಿಲ್ಲ, ಕಾವಲು ನಿಲ್ಲಲಿಲ್ಲ. ದೊಡ್ಡವರ ಕೆಲಸ ಎಷ್ಟು, ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಮುಂದೆ ಪೌಲನು ತಿಮೊಥೆಯನಿಗೆ ಪತ್ರ ಬರೆಯುವಾಗ ಅವನ ನಂಬಿಕೆಯ ಮೂಲವೆಂದು ಹೆಸರಿಸಿದ್ದು ಅಜ್ಜಿ ಲೋವಿಯನ್ನು, ತಾಯಿ ಯೂನಿಕೆಯನ್ನು.

ಈಗ ಸುಮಾರು ಮುನ್ನೂರು ವರ್ಷದ ಹಿಂದಿನ ಇಂಗ್ಲೆಂಡಿಗೆ ಹೋಗೋಣ. ಅಲ್ಲಿನ ಎಪ್‌ವರ್ತ್ ಎಂಬ ಹಳ್ಳಿಯಲ್ಲಿ ಪಾದ್ರಿ ಸಾಮ್ಯುಯೆಲ್ ವೆಸ್ಲಿಯವರ ಹೆಂಡತಿ ಸುಸನ್ನಾ. ಹತ್ತೊಂಬತ್ತು ಮಕ್ಕಳನ್ನು ಹೆತ್ತ ತಾಯಿ. ಬದುಕಿ ದೊಡ್ಡವರಾದದ್ದು ಹತ್ತು ಮಂದಿ. ಮನೆಯಲ್ಲಿ ಸಾಲದ ಬಾಧೆ. 1709ರಲ್ಲಿ ಮನೆಗೆ ಬೆಂಕಿ ಬಿದ್ದು, ಐದು ವರ್ಷದ ಮಗ ಜಾನ್‌ನನ್ನು ಮಾಳಿಗೆಯ ಕಿಟಕಿಯಿಂದ ಇಳಿಸಿ ಉಳಿಸಿಕೊಂಡರು. ಮಕ್ಕಳ ಗದ್ದಲದ ನಡುವೆ ಆಕೆ ಉಡುಪಿನ ಮೇಲೆ ಕಟ್ಟಿದ ಏಪ್ರನ್ನನ್ನೇ ತಲೆಯ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದಳು, ಆಗ ಮಕ್ಕಳು ಹತ್ತಿರ ಸುಳಿಯುತ್ತಿರಲಿಲ್ಲ ಎಂದು ಹೇಳುತ್ತ ಬಂದಿದ್ದಾರೆ. ತಲೆಯ ಮೇಲೆ ಸೆರಗು ಹೊದ್ದು ಪ್ರಾರ್ಥಿಸುವ ನಮ್ಮ ಅವ್ವಂದಿರಿಗೆ ಇದು ಹೊಸ ನೋಟವೇನೂ ಆಗಲಾರದು.

1712ರ ಫೆಬ್ರವರಿಯಲ್ಲಿ ಸುಸನ್ನಾ ಲಂಡನ್ನಿನಲ್ಲಿದ್ದ ಗಂಡನಿಗೆ ಒಂದು ಪತ್ರ ಬರೆದಳು. ಪ್ರತಿ ರಾತ್ರಿ ಒಂದೊಂದು ಮಗುವಿನೊಡನೆ ತಾನು ಪ್ರತ್ಯೇಕವಾಗಿ ಕುಳಿತು ಮಾತಾಡುತ್ತೇನೆಂದು ಅದರಲ್ಲಿ ತಿಳಿಸಿದ್ದಾಳೆ. ಸೋಮವಾರ ಮೋಲಿ, ಮಂಗಳವಾರ ಹೆಟ್ಟಿ, ಬುಧವಾರ ನ್ಯಾನ್ಸಿ, ಗುರುವಾರ ಜಾನ್, ಶುಕ್ರವಾರ ಪ್ಯಾಟಿ, ಶನಿವಾರ ಚಾರ್ಲ್ಸ್. ದೊಡ್ಡ ಹುಡುಗಿಯರಾದ ಎಮಿಲಿಯಾ ಮತ್ತು ಸೂಕಿಗೆ ಕೂಡಿಯೇ ಭಾನುವಾರ. ಆಗ ಮೋಲಿ, ಹೆಟ್ಟಿ ಇಬ್ಬರೂ ಹದಿನೈದರ ಆಸುಪಾಸಿನ ಹುಡುಗಿಯರು. ಹರೆಯಕ್ಕೆ ಬಂದರೆಂದು ಅವರನ್ನು ಆ ತಾಯಿ ಕೈಬಿಡಲಿಲ್ಲ, ಎಲ್ಲರನ್ನೂ ಒಟ್ಟಿಗೆ ಕೂರಿಸಿ ಉಪದೇಶ ಹೇಳಿ ಮುಗಿಸಲೂ ಇಲ್ಲ. ಒಬ್ಬೊಬ್ಬರ ಒಳಗಿನ ಮಾತು ಕೇಳಲು ಒಂದೊಂದು ಸಂಜೆ ಇಟ್ಟಳು.

ಹೀಗೆ ಮಾಡಬೇಕೆಂದು ಆಕೆಗೆ ತೋಚಿದ್ದು ಹೇಗೆ? ಅದನ್ನೂ ಅದೇ ಪತ್ರದಲ್ಲಿ ಹೇಳಿದ್ದಾಳೆ. ಮಗಳು ಎಮಿಲಿಯಾ ತಂದೆಯ ಓದುಕೋಣೆಯಿಂದ ಒಂದು ಪುಸ್ತಕ ತೆಗೆದು ತಾಯಿಗೆ ಓದಿ ಹೇಳಿದಳು. ಅದು ಡೆನ್ಮಾರ್ಕಿನ ದೊರೆ ಕಳಿಸಿದ ಮಿಷನರಿಗಳ ವೃತ್ತಾಂತ. ಆ ಮಿಷನರಿಗಳು 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ ಸೀಗನ್‌ಬಾಲ್ಗ್ ಮತ್ತು ಪ್ಲ್ಯುಟ್‌ಷೌ. ಅದನ್ನು ಕೇಳಿದ ಸುಸನ್ನಾಳಿಗೆ, ನಾನು ಗಂಡಸಲ್ಲ, ಪಾದ್ರಿಯೂ ಅಲ್ಲ, ಆದರೆ ನನ್ನ ಮಕ್ಕಳಿಗಾದರೂ ಹೆಚ್ಚಿನದನ್ನು ಮಾಡಬಹುದಲ್ಲ ಎನಿಸಿತು. ದಕ್ಷಿಣ ಭಾರತದ ಕಡಲ ದಂಡೆಯ ಸುದ್ದಿ ಇಂಗ್ಲೆಂಡಿನ ಹಳ್ಳಿಮನೆಯಲ್ಲಿ ಒಂದು ರೂಢಿಯನ್ನು ಹುಟ್ಟಿಸಿತು. ಆ ಮನೆಯ ಗುರುವಾರದ ಹುಡುಗ ಜಾನ್ ವೆಸ್ಲಿ ಮೆಥೋಡಿಸ್ಟ್ ಪಂಥವನ್ನು ಕಟ್ಟಿದ. ಶನಿವಾರದ ಚಾರ್ಲ್ಸ್ ಸಾವಿರಾರು ಕೀರ್ತನೆ ಬರೆದ. ಅದೇ ಮೆಥೋಡಿಸ್ಟ್ ಸಭೆ, ಅಮೆರಿಕದ ಮಿಷನರಿಗಳ ಮೂಲಕ, ನಿಜಾಮರ ರಾಜ್ಯಕ್ಕೆ ಸೇರಿದ್ದ ಬೀದರ್ ಮತ್ತು ಕಲಬುರಗಿಗೆ ಬಂತು. ಕಲಬುರಗಿ ಸೀಮೆಯ ಮೆಥೋಡಿಸ್ಟ್ ಮನೆಗಳಲ್ಲಿ ಸಂಜೆ ಕೂಡುವ ಕುಟುಂಬ ಪ್ರಾರ್ಥನೆಯ ಒಂದು ಬೇರನ್ನು ಹಿಡಿದು ಹೋದರೆ ನಮ್ಮ ನೆರೆಯ ತರಂಗಂಬಾಡಿಯನ್ನೇ ಮುಟ್ಟುತ್ತೇವೆ. ಇದು ಪರದೇಶದ ರೂಢಿ ಎಂದು ಯಾರಾದರೂ ಅಂದರೆ ನಾನು ಈ ಪತ್ರವನ್ನು ನೆನಪಿಸುತ್ತೇನೆ.

ಜಾನ್ ಬೆಳೆದು ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾಗಿದ್ದಾಗ, ವಯಸ್ಸು ಮೂವತ್ತರ ಹತ್ತಿರ, ತಾಯಿಗೆ ಬರೆದ ಪತ್ರದಲ್ಲಿ ಆ ಗುರುವಾರದ ಸಂಜೆಯ ಸ್ವಲ್ಪ ಹೊತ್ತನ್ನು ಮತ್ತೆ ತನಗಾಗಿ ಕೇಳಿದ. ಮಗುವಾಗಿದ್ದಾಗ ಸಿಕ್ಕ ಆ ಸ್ವಲ್ಪ ಹೊತ್ತು ಅಷ್ಟು ದಿನ ಬಾಳಿತ್ತು.

ರೂಢಿ ಬಂದರೆ ಸಾಕೇ, ಓದಲು ಪುಸ್ತಕ ಬೇಡವೇ? ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಸತ್ಯವೇದದ ಕೆಲಸಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಪೂರ್ತಿ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಸೀಮೆಯ ಭಕ್ತಿಪಂಥದ ಮನೆಗಳಲ್ಲಿ ಬೆಳೆದವರು, ಮನೆಮಂದಿಯೆಲ್ಲ ಕೂತು ದಿನಕ್ಕೊಂದು ವಾಕ್ಯ ಓದುವುದು ಅವರಿಗೆ ಉಸಿರಿನಷ್ಟು ಸಹಜ. ಅದೇ ಮಿಷನ್ನಿನ, ಕನ್ನಡ ನಿಘಂಟಿನ ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು 'ಕಥಾಮಾಲೆ' ಎಂಬ ಪದ್ಯಕೃತಿಯಾಗಿ ಬರೆದರು. ಮನೆಯಲ್ಲಿ ಒಬ್ಬರು ಹಾಡಿ ಓದಿದರೆ ಉಳಿದವರು ಕೇಳುವ ನಾಡಿದು ಎಂಬುದು ಅವರಿಗೆ ಗೊತ್ತಿತ್ತು.

ಆದರೆ ನಿಜಾಮರ ಕಾಲದಲ್ಲಿ ನಮ್ಮ ಹಳ್ಳಿಗಳ ಬಡವರಿಗೆ ಅಕ್ಷರ ದಕ್ಕಿದ್ದು ತೀರ ಕಡಿಮೆ. ಶಾಲೆಯಲ್ಲೂ ಆಡಳಿತದಲ್ಲೂ ಉರ್ದುವಿನ ಮೇಲುಗೈ. ಓದು ಬಾರದ ಮನೆಗಳಲ್ಲಿ ಏಕಾಂತಕ್ಕೆ ಆಧಾರ ಬಾಯಿಪಾಠದ ವಾಕ್ಯ, ಕೇಳಿ ಕಲಿತ ಹಾಡು. ಮುದಗಲ್ಲಿನ ಕಥೋಲಿಕ ಸಮುದಾಯ 16ನೇ ಶತಮಾನದಷ್ಟು ಹಿಂದಿನದೆಂದು ಹೇಳುತ್ತಾರೆ. ಕಥೋಲಿಕ ಮನೆಗಳ ಜಪಸರಕ್ಕೂ ಪುಸ್ತಕ ಬೇಕಿಲ್ಲ, ಮಣಿ ಎಣಿಸುವ ಬೆರಳು ಸಾಕು. ಮೆಥೋಡಿಸ್ಟರಿಗೆ 1920ರ ದಶಕದಿಂದ ವಿಕಾರಾಬಾದ್ ಹತ್ತಿರದ ಧಾರೂರಿನ ಜಾತ್ರೆ ಇದೆ. ನವೆಂಬರಿನಲ್ಲಿ ಕರ್ನಾಟಕದ ಕಡೆಯಿಂದಲೂ ಜನ ಹೋಗಿ, ಬಿಡಾರ ಹೂಡಿ, ಪ್ರಾರ್ಥನೆಯಲ್ಲಿ ದಿನ ಕಳೆದು ಬರುತ್ತಾರೆ. ಒಟ್ಟು ಸೇರಿ ಪ್ರಾರ್ಥಿಸುವುದೂ ಒಬ್ಬರೇ ಕೂತು ಪ್ರಾರ್ಥಿಸುವುದೂ ಬೇರೆಬೇರೆಯೆಂದು ಆ ಜನಕ್ಕೆ ಅನಿಸಿದಂತಿಲ್ಲ.

ಸಾಧು ಸುಂದರ ಸಿಂಗರ ಬಾಲ್ಯವನ್ನು ನಮ್ಮ ಹುಡುಗರಿಗೆ ಹೇಳಬೇಕು. 1889ರಲ್ಲಿ ಪಂಜಾಬಿನ ರಾಂಪುರದಲ್ಲಿ ಸಿಖ್ ಮನೆಯಲ್ಲಿ ಹುಟ್ಟಿದವರು. ಬೆಳಿಗ್ಗೆ ದೇವರ ಧ್ಯಾನ ಮಾಡದೆ ತಾಯಿ ಅವರಿಗೆ ತಿನ್ನಲು ಕೊಡುತ್ತಿರಲಿಲ್ಲ. ಆ ತಾಯಿ ಬೇಗ ತೀರಿಕೊಂಡರು. ಮರುಗಿ ಸಿಟ್ಟಾದ ಹುಡುಗ ಸತ್ಯವೇದವನ್ನು ಸುಟ್ಟದ್ದೂ ಉಂಟು. 1904ರ ಡಿಸೆಂಬರಿನಲ್ಲಿ, ಹದಿನೈದರ ವಯಸ್ಸಿನಲ್ಲಿ, ಬೆಳಗಿನ ಜಾವ ಎದ್ದು ಪ್ರಾರ್ಥಿಸುತ್ತಿರುವಾಗ ಅವರಿಗೆ ಯೇಸುವಿನ ದರ್ಶನವಾಯಿತು. ಮರುವರ್ಷ ದೀಕ್ಷಾಸ್ನಾನವಾಯಿತು. ಬೆಳಗಿನ ಧ್ಯಾನದ ಅಭ್ಯಾಸವನ್ನು ತಾಯಿ ಮಾಡಿಸಿದ್ದಳು. ಅದರೊಳಗೆ ಆದದ್ದು ಮಗನಿಗೂ ದೇವರಿಗೂ ಬಿಟ್ಟದ್ದು.

ನಮ್ಮ ಸೀಮೆಯಲ್ಲಿ ಇನ್ನೊಂದು ಅನುಕೂಲವಿದೆ. ಖಜೂರಿಯಲ್ಲಿ ಕೋರಣೇಶ್ವರ ಮಠ, ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ. ನೆರೆಮನೆಯಲ್ಲಿ ಇಷ್ಟಲಿಂಗ ಪೂಜೆ ಮುಗಿಸದೆ ಊಟಕ್ಕೆ ಕೂರದ ಅಜ್ಜ, ಬೆಳಗಿನ ಆಜಾನಿಗೆ ಏಳುವ ಚಾಚಾ. ದೇವರಿಗೆ ಹೊತ್ತು ಕೊಡುವುದು ನಾಚಿಕೆಯ ಸಂಗತಿಯೆಂದು ಇಲ್ಲಿ ಯಾವ ಹುಡುಗನೂ ಭಾವಿಸಬೇಕಿಲ್ಲ. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ಕ್ರೈಸ್ತ ಸಭಾಪಾಲಕರಾಗಿದ್ದ ಉತ್ತಂಗಿ ಚನ್ನಪ್ಪನವರು. ಸರ್ವಜ್ಞನ ವಚನಗಳನ್ನು ಊರೂರು ಹುಡುಕಿ 1924ರಲ್ಲಿ ಪ್ರಕಟಿಸಿದವರೂ ಅವರೇ. ತಮ್ಮ ನಂಬಿಕೆಯಲ್ಲಿ ಗಟ್ಟಿಯಾಗಿ ನಿಂತವರಿಗೆ ನೆರೆಯವರ ಭಕ್ತಿಯಿಂದ ಕಲಿಯಲು ಅಳುಕಿರಲಿಲ್ಲ.

ಇನ್ನು ಫೋನಿನ ಮಾತು. ಅದನ್ನು ಕಸಿದುಕೊಂಡರೆ ಏಕಾಂತ ಬರುವುದಿಲ್ಲ, ಜಗಳ ಬರುತ್ತದೆ. ಅದನ್ನೇ ಓದಿಗೆ ಹಚ್ಚಲು ಹಳೆಯದೊಂದು ದಾರಿ ಇದೆ. 1879ರಲ್ಲಿ ಇಂಗ್ಲೆಂಡಿನ ಸ್ಕ್ರಿಪ್ಚರ್ ಯೂನಿಯನ್ ಮಕ್ಕಳಿಗಾಗಿ ಒಂದು ಕಾರ್ಡು ಅಚ್ಚು ಹಾಕಿತು. ಯಾವ ದಿನ ಯಾವ ಭಾಗ ಓದಬೇಕೆಂಬ ಪಟ್ಟಿ ಅದರಲ್ಲಿ. ಬೇರೆಬೇರೆ ಊರಿನ ಮಕ್ಕಳು ಒಂದೇ ದಿನ ಒಂದೇ ಭಾಗ ಓದುತ್ತಿದ್ದರು. ಈಗ ನಮ್ಮ ಕಡೆಯ ಅಪ್ಪ ಪುಣೆಯಲ್ಲಿ ದುಡಿಯುತ್ತಿರುತ್ತಾನೆ, ಮಗಳು ಕಲಬುರಗಿಯ ಹಾಸ್ಟೆಲಿನಲ್ಲಿರುತ್ತಾಳೆ, ಅವ್ವ ಊರಲ್ಲಿ. ಮೂವರೂ ಒಂದೇ ಕೀರ್ತನೆಯನ್ನು ಓದಿ, ರಾತ್ರಿ ಫೋನಿನಲ್ಲಿ ಎರಡು ಮಾತಾಡಬಹುದು. ಓದು ಬಾರದ ಅವ್ವನಿಗೆ ಕನ್ನಡ ಸತ್ಯವೇದ ಅದೇ ಫೋನಿನಲ್ಲಿ ಕೇಳಲು ಸಿಗುತ್ತದೆ, ಹಚ್ಚಿಕೊಡುವುದು ಮಗಳ ಕೆಲಸವಾಗಲಿ.

ಅಪ್ಪಂದಿರೇ, ಅವ್ವಂದಿರೇ, ಮಗನನ್ನು ಪ್ರಾರ್ಥನೆಗೆ ಕರೆಯುವ ಮೊದಲು ನೀವು ಕೂತಿದ್ದನ್ನು ಅವನು ನೋಡಿರಲಿ. ನಾಲ್ಕು ಸಾಲು ಓದಿ, ಐದು ನಿಮಿಷ ಸುಮ್ಮನಿದ್ದರೂ ಆಯಿತು. ಅವನು ಏನು ಪ್ರಾರ್ಥಿಸಿದನೆಂದು ಕೆದಕಬೇಡಿ, ಪರೀಕ್ಷೆಯ ಅಂಕಕ್ಕೂ ಪ್ರಾರ್ಥನೆಗೂ ಗಂಟು ಹಾಕಬೇಡಿ. ಅವನಿಗೆ ಸಂದೇಹಗಳಿದ್ದರೆ ಗದರದೆ ಕೇಳಿ. ರಾಶಿಯ ದಿನಗಳಲ್ಲಿ ತಪ್ಪಿದರೆ ತಪ್ಪಲಿ, ಮರುವಾರ ಮತ್ತೆ ಕೂಡಿರಿ. ಮನೆಯಲ್ಲಿ ಎಷ್ಟು ಮಕ್ಕಳೋ ಅಷ್ಟು ಸಂಜೆಗಳನ್ನು ಈ ವಾರವೇ ಗೊತ್ತು ಮಾಡಿ, ಯಾವ ಸಂಜೆ ಯಾರದೆಂದು ಮಕ್ಕಳಿಗೂ ಹೇಳಿಬಿಡಿ.