ಬೆಟ್ಟದ ಮೆಟ್ಟಿಲು ಮತ್ತು ಗೃಹಿಣಿಯ ರಕ್ತಬಲ

(ಗೊರಗುಂಟೆಪಾಳ್ಯದಲ್ಲಿ ಗ್ರಾಮೀಣ ದಂಪತಿಗಳಿಗಾಗಿ ನಡೆದ ಆರೋಗ್ಯ ಶಿಬಿರದಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ನಾವು ಈಗ ಸೇರಿರುವ ಗೊರಗುಂಟೆಪಾಳ್ಯವು ನಿಮಗೆ ಅಪರಿಚಿತ ಸ್ಥಳವಲ್ಲ. ತುಮಕೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಈ ವೃತ್ತದಲ್ಲಿ ಗಂಟುಮೂಟೆಗಳೊಡನೆ ಊರಿನ ಬಸ್ಸಿಗಾಗಿ ಕಾದು ನಿಂತವರೇ ನಿಮ್ಮಲ್ಲಿ ಬಹುಮಂದಿ. 2014ರಲ್ಲಿ ಇಲ್ಲಿಗೆ ಮೆಟ್ರೋ ರೈಲೂ ಬಂದಿತು. ರಜಾದಿನಗಳ ಮುಂಜಾನೆ ಬೆನ್ನಿಗೆ ಚೀಲ ಕಟ್ಟಿಕೊಂಡು, ದಪ್ಪನೆಯ ಬೂಟು ತೊಟ್ಟು, ಬೆಟ್ಟ ಹತ್ತಲು ಹೊರಟ ನಗರದ ತರುಣ ತರುಣಿಯರನ್ನೂ ನೀವು ಇಲ್ಲಿ ಕಂಡಿರಬಹುದು. ಇದನ್ನು ಚಾರಣವೆಂದು ಕರೆಯುತ್ತಾರೆ.

ಹೊಲದಲ್ಲಿ ದಿನವಿಡೀ ದುಡಿಯುವ ನಮಗೆ ಈ ಗಿರಿವಿಹಾರವೇಕೆ ಎಂದು ನೀವು ಕೇಳಬಹುದು. ದುಡಿಮೆಯಿಂದ ದೇಹಕ್ಕೆ ಶ್ರಮ ದೊರೆಯುವುದು ನಿಜ. ಆದರೆ ಪತಿಪತ್ನಿಯರು ಸಾಲ, ಮಳೆ, ದನಕರುಗಳ ಚಿಂತೆಯನ್ನು ಒಂದು ದಿನ ಬದಿಗಿಟ್ಟು ಜೊತೆಯಾಗಿ ನಡೆಯುವ ಅವಕಾಶವು ದುಡಿಮೆಯಿಂದ ದೊರೆಯುವುದಿಲ್ಲ. ಮದುವೆಯಾಗಿ ಹತ್ತು ವರ್ಷ ಕಳೆದರೂ ಮದುವೆ, ಸಾವು, ಆಸ್ಪತ್ರೆಗಳ ಹೊರತು ಮತ್ತಾವ ಕಾರಣಕ್ಕೂ ಜೊತೆಯಾಗಿ ಊರು ಬಿಟ್ಟು ಹೊರಡದ ದಂಪತಿಗಳು ಎಷ್ಟೋ ಮಂದಿ.

ಎಲ್ಲಿಗೆ ಹೋಗಬೇಕು? 4,851 ಅಡಿ ಎತ್ತರದ ನಂದಿಬೆಟ್ಟದ ಮೇಲಕ್ಕೆ ವಾಹನವೇ ಹೋಗುತ್ತದೆ. ಮಾಕಳಿದುರ್ಗ, ಸ್ಕಂದಗಿರಿಗಳಿಗೆ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. ನಮ್ಮ ನಿಮ್ಮಂಥವರಿಗೆ ಶಿವಗಂಗೆಯೇ ಅನುಕೂಲವೆಂದು ನನ್ನ ಅಭಿಪ್ರಾಯ. ಇಲ್ಲಿಂದ ತುಮಕೂರಿನ ದಿಕ್ಕಿನ ಬಸ್ಸು ಹಿಡಿದು ಡಾಬಸ್‌ಪೇಟೆಯಲ್ಲಿ ಇಳಿದರೆ ಎಡಗಡೆಗೆ ದಾರಿ ತಿರುಗುತ್ತದೆ. ಸುಮಾರು 4,500 ಅಡಿ ಎತ್ತರದ ಈ ಬೆಟ್ಟವು ಪೂರ್ವದಿಂದ ನಂದಿಯಂತೆಯೂ ಪಶ್ಚಿಮದಿಂದ ಗಣಪತಿಯಂತೆಯೂ ದಕ್ಷಿಣದಿಂದ ಲಿಂಗದಂತೆಯೂ ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆಯೂ ಕಾಣುವುದೆಂದು ಹಿರಿಯರು ಹೇಳುತ್ತಾರೆ. ಗಂಗಾಧರೇಶ್ವರ ಮತ್ತು ಹೊನ್ನಾದೇವಿಯ ಗುಡಿಗಳ ದರ್ಶನ ಮುಗಿಸಿ ಮೇಲೇರಿದರೆ ಒಳಕಲ್ಲು ತೀರ್ಥವಿದೆ. ಬಂಡೆಯ ಕುಳಿಗೆ ಕೈಯಿಳಿಸಿದಾಗ ಪುಣ್ಯವಂತರಿಗೆ ಮಾತ್ರ ನೀರು ಸಿಗುವುದೆಂಬ ನಂಬಿಕೆ ಜನರಲ್ಲಿದೆ. ನೀರು ಸಿಗದ ಸೊಸೆಯನ್ನು ಅತ್ತೆಯು ಹಂಗಿಸದಿರಲಿ; ಕೈಯ ಉದ್ದ ಎಲ್ಲರಿಗೂ ಒಂದೇ ಆಗಿರುವುದಿಲ್ಲ.

ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯು ಈ ಕ್ಷೇತ್ರದಲ್ಲಿಯೇ 1131ರಲ್ಲಿ ಕಾಲವಾದಳು. ಮಕ್ಕಳಿಲ್ಲದ ಕೊರಗಿನಿಂದ ಬೆಟ್ಟದಿಂದ ಧುಮುಕಿದಳೆಂಬ ಕಥೆಯನ್ನು ಜನರು ಹೇಳುತ್ತಾರೆ. ಕಥೆ ಹೇಗೇ ಇರಲಿ, ಸಂತಾನವಾಗದಿದ್ದರೆ ದೋಷವು ಹೆಣ್ಣಿನದೇ ಎಂದು ತೀರ್ಮಾನಿಸುವುದು ತಪ್ಪು. ಪರೀಕ್ಷೆಗೆ ಇಬ್ಬರೂ ಬರಬೇಕು.

ಇನ್ನು ಮೆಟ್ಟಿಲುಗಳ ವಿಷಯ. ಪತಿಯು ಮುಂದೆ ಮುಂದೆ ಏರುತ್ತಾನೆ. ಪತ್ನಿಯು ಕಂಕುಳಲ್ಲಿ ಕೂಸನ್ನೂ ಕೈಯಲ್ಲಿ ಬುತ್ತಿಯನ್ನೂ ಹಿಡಿದು ಹಿಂದೆ ಉಳಿಯುತ್ತಾಳೆ. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾಳೆ. ಎದೆ ಡವಗುಟ್ಟುತ್ತದೆ, ಕಣ್ಣಿಗೆ ಕತ್ತಲೆ ಬರುತ್ತದೆ. ‘ಹೆಂಗಸರು, ಅವರಿಗೆ ಇಷ್ಟೇ ಶಕ್ತಿ’ ಎಂದು ಮೇಲಿನಿಂದ ಯಾರೋ ಹೇಳುತ್ತಾರೆ. ಈ ಮಾತನ್ನು ದಯವಿಟ್ಟು ನಂಬಬೇಡಿ. ಆಕೆಯ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವು ಕಡಿಮೆಯಾಗಿರುವ ಸಂಭವ ಹೆಚ್ಚು. ಇದೇ ರಕ್ತಹೀನತೆ. ಗರ್ಭಿಣಿಯಲ್ಲದ ಸ್ತ್ರೀಗೆ ಅದು 12 ಗ್ರಾಂ, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆಯಿರಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನರು. ಮನೆಯ ಸಮನೆಲದಲ್ಲಿ ಇದು ಮರೆಯಾಗಿರುತ್ತದೆ. ಬೆಟ್ಟವು ಅದನ್ನು ಹೊರಗೆಡಹುತ್ತದೆ.

ಸಂಕ್ರಾಂತಿಯ ಉತ್ಸವಕ್ಕೆ ಹೋಗಿ ಅರ್ಧ ದಾರಿಯಲ್ಲಿಯೇ ಕುಸಿದು ಕುಳಿತ ತಾಯಿಯೊಬ್ಬಳನ್ನು ಆಕೆಯ ಪತಿಯು ಮರುವಾರ ನನ್ನ ಬಳಿಗೆ ಕರೆತಂದಿದ್ದನು. ಹಿಮೋಗ್ಲೋಬಿನ್ 8.2 ಗ್ರಾಂ ಮಾತ್ರ. ಎರಡು ಮಕ್ಕಳ ನಡುವೆ ಹದಿನಾಲ್ಕು ತಿಂಗಳ ಅಂತರ. ಇಬ್ಬರಿಗೂ ಎದೆಹಾಲು ಕುಡಿಸಿದ್ದಳು. ಎಲ್ಲರೂ ಉಂಡ ಮೇಲೆ ಉಳಿದುದನ್ನು ತಾನು ಉಣ್ಣುತ್ತಿದ್ದಳು. ಜಂತುಹುಳುವಿಗೆ ಔಷಧಿ ಕೊಟ್ಟೆವು, ಕಬ್ಬಿಣಾಂಶದ ಮಾತ್ರೆ ಕೊಟ್ಟೆವು. ಆ ಪತಿಯು ಮಾಡಿದ ಕೆಲಸವನ್ನು ಇಲ್ಲಿ ಹೇಳಲೇಬೇಕು: ಪ್ರತಿರಾತ್ರಿ ಊಟವಾದ ಮೇಲೆ ಮಾತ್ರೆಯನ್ನು ತಾನೇ ಎತ್ತಿಕೊಟ್ಟು, ಆಕೆ ನುಂಗುವವರೆಗೆ ಎದುರಿಗೆ ಕುಳಿತಿರುತ್ತಿದ್ದನು. ನಾಲ್ಕು ತಿಂಗಳಲ್ಲಿ ರಕ್ತದ ಪ್ರಮಾಣ 11.4ಕ್ಕೆ ಏರಿತು.

ಮಾತ್ರೆಯಿಂದ ಮಲವು ಕಪ್ಪಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಇದಕ್ಕೆ ಹೆದರಿ ನಿಲ್ಲಿಸುವವರೇ ಬಹಳ. ಕಾಫಿ, ಟೀ, ಹಾಲುಗಳೊಡನೆ ನುಂಗಿದರೆ ಗುಣ ಕಡಿಮೆ. ನಿಂಬೆಹಣ್ಣಿನ ಪಾನಕದೊಡನೆ ನುಂಗಿದರೆ ಹೆಚ್ಚು. ಗರ್ಭಿಣಿಯರು 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಸೇವಿಸಬೇಕು. ಬರಿಗಾಲಿನಲ್ಲಿ ನಡೆಯುವವರಿಗೆ ಕೊಕ್ಕೆಹುಳು ಪಾದದ ಚರ್ಮದ ಮೂಲಕವೇ ದೇಹವನ್ನು ಸೇರಿ ರಕ್ತ ಹೀರುತ್ತದೆ. ಹೊಲಕ್ಕೂ ಬಯಲಿಗೂ ಚಪ್ಪಲಿ ಮೆಟ್ಟಿ ಹೋಗಿರಿ.

ಆದರೆ ಒಂದು ಕೂಸು ಕಂಕುಳಲ್ಲಿರುವಾಗಲೇ ಇನ್ನೊಂದು ಗರ್ಭದಲ್ಲಿದ್ದರೆ ಎಷ್ಟು ಮಾತ್ರೆ ನುಂಗಿದರೂ ರಕ್ತ ತುಂಬುವುದು ಕಷ್ಟ. ಒಂದು ಹೆರಿಗೆಗೂ ಮುಂದಿನ ಗರ್ಭಕ್ಕೂ ಕನಿಷ್ಠ ಎರಡು ವರ್ಷ ಅಂತರವಿರಲಿ. ಇದಕ್ಕಾಗಿ ನಿರೋಧ್, ಮಾಲಾ-ಎನ್, ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ವಂಕಿ ಇವೆಲ್ಲವೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಯಾವುದು ನಿಮಗೆ ಒಗ್ಗುವುದೆಂಬುದನ್ನು ವೈದ್ಯರೊಡನೆ ಮಾತನಾಡಿ ನೀವಿಬ್ಬರೂ ನಿರ್ಧರಿಸಬೇಕು. ವಂಕಿ ಧರಿಸಿದವಳು ಬೆಟ್ಟ ಹತ್ತಿದರೆ ಅದು ಜಾರುವುದೆಂಬ ಭಯವನ್ನು ನಾನು ಅನೇಕರಿಂದ ಕೇಳಿದ್ದೇನೆ. ನಡಿಗೆಯಿಂದ ಅದು ಜಾರುವುದಿಲ್ಲ. ಮಕ್ಕಳು ಸಾಕೆಂದವರಲ್ಲಿ ಪುರುಷರು ಗಾಯವಿಲ್ಲದಂಥ ಸಂತಾನಹರಣ ಚಿಕಿತ್ಸೆಗೆ ಮುಂದೆ ಬರುವುದು ವಿರಳ. ಹೊಲಿಗೆಯೂ ಬೇಡದ ಈ ಚಿಕಿತ್ಸೆಯಿಂದ ಶಕ್ತಿಯೂ ಪುರುಷತ್ವವೂ ಕುಂದುವುದಿಲ್ಲ. ವಾರ ಕಳೆದ ಮೇಲೆ ಭಾರದ ಕೆಲಸ ಮಾಡಬಹುದು, ಬೆಟ್ಟವನ್ನೂ ಹತ್ತಬಹುದು. ಮೂರು ತಿಂಗಳವರೆಗೆ ಮಾತ್ರ ನಿರೋಧ್ ಬಳಸಬೇಕು.

ಹೊರಡುವ ದಿನ ಬಿಸಿಲೇರುವ ಮುನ್ನ ಮೆಟ್ಟಿಲ ಬುಡದಲ್ಲಿರಿ. ತಲೆಗೊಂದಿಷ್ಟು ನೀರಿರಲಿ. ಒಂದು ಲೀಟರು ಕುಡಿಯುವ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕವನ್ನೂ ಒಯ್ಯಿರಿ. ಮೇಲಿನ ಭಾಗ ಕಡಿದಾಗಿದೆ. ಕಬ್ಬಿಣದ ಕಂಬಿ ಹಿಡಿದೇ ಏರಬೇಕು. ಗರ್ಭಿಣಿಯರೂ ಎದೆನೋವಿನವರೂ ಅಲ್ಲಿಗೆ ಹೋಗುವುದು ಬೇಡ, ಕೆಳಗಿನ ದರ್ಶನವೇ ಸಾಕು. ಮಂಗಗಳು ಬುತ್ತಿಯನ್ನು ಕಸಿಯಲು ಬಂದರೆ ಬಿಟ್ಟುಬಿಡಿ. ಕಚ್ಚಿದರೆ ಅರಿಸಿನವನ್ನಾಗಲಿ ಸುಣ್ಣವನ್ನಾಗಲಿ ಹಚ್ಚದೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಪಡೆಯಬೇಕು. ಕೂಸನ್ನು ಪತಿಯೇ ಎತ್ತಿಕೊಂಡು ಪತ್ನಿಯನ್ನು ಮುಂದೆ ಬಿಟ್ಟು ಆಕೆಯ ವೇಗದಲ್ಲಿ ನಡೆಯಲಿ. ಆಗ ಆಕೆ ಎಲ್ಲಿ ನಿಲ್ಲುತ್ತಾಳೆಂಬುದು ಅವನ ಕಣ್ಣಿಗೆ ಬೀಳುತ್ತದೆ.

ಈ ಸಭೆ ಮುಗಿದೊಡನೆ ಬಾಗಿಲ ಬಳಿಯ ಮೇಜಿನಲ್ಲಿ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಕೊಡಲಾಗುವುದು. ಶುಲ್ಕವಿಲ್ಲ. ಗಂಡಸರಿಗೂ ರಕ್ತಹೀನತೆ ಬರುವುದುಂಟಾದ್ದರಿಂದ ದಂಪತಿಗಳು ಇಬ್ಬರೂ ಸಾಲಿನಲ್ಲಿ ನಿಲ್ಲಬೇಕೆಂದು ಕೋರುತ್ತೇನೆ.