ಕೆಸುವಿನೆಲೆಯ ಮೇಲಿನ ನೀರು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹೇಳಿದ ಬುದ್ಧಿಮಾತು ಮಗನ ಕಿವಿಗೆ ಹತ್ತದಿದ್ದರೆ ‘ಕೆಸುವಿನೆಲೆಯ ಮೇಲೆ ನೀರು ಹೊಯ್ದ ಹಾಗಾಯಿತು’ ಎಂದು ನಮ್ಮ ಹಿರಿಯರು ಹೇಳುವುದುಂಟು. ಊರು ಬಿಟ್ಟು ಈ ಮುಂಬಯಿಗೆ ಬಂದ ಮೇಲೂ ಕೆಸು ನಮ್ಮನ್ನು ಬಿಟ್ಟಿಲ್ಲ. ಮಳೆಗಾಲ ಬಂತೆಂದರೆ ಮಾರುಕಟ್ಟೆಯಲ್ಲಿ ಅದರ ಎಲೆಯ ಕಟ್ಟುಗಳು ಕಾಣುತ್ತವೆ. ನಮ್ಮ ಮನೆಯಲ್ಲಿ ಪತ್ರೊಡೆ, ನೆರೆಮನೆಯ ಮರಾಠಿಯವರಲ್ಲಿ ಅಳುವಡಿ. ಆದರೆ ಆ ಎಲೆಗೆ ನೀರು ಏಕೆ ಅಂಟದು ಎಂದು ಮಕ್ಕಳು ಕೇಳಿದರೆ ‘ನುಣುಪಾಗಿದೆ, ಅದಕ್ಕೇ ಜಾರುತ್ತದೆ’ ಎಂದುಬಿಡುತ್ತೇವೆ. ನಿಜಸ್ಥಿತಿ ಇದಕ್ಕೆ ತೀರ ವಿರುದ್ಧ. ಎಲೆ ಒರಟಾಗಿರುವುದರಿಂದಲೇ ನೀರು ಅಂಟುವುದಿಲ್ಲ!

ಕಿಟಕಿಯ ಗಾಜನ್ನು ನೋಡಿ. ಅದಕ್ಕಿಂತ ನುಣುಪಾದ ವಸ್ತು ಮನೆಯಲ್ಲಿ ಯಾವುದಿದೆ? ಆದರೂ ಮಳೆಹನಿ ಅದಕ್ಕೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಒಣಗಿದ ಮೇಲೆ ಧೂಳಿನ ಕಲೆ ಉಳಿಯುತ್ತದೆ. ತಾವರೆ, ಕೆಸುಗಳ ಎಲೆಯ ಮೈ ಹಾಗಲ್ಲ. ಅದರ ತುಂಬ ಕಣ್ಣಿಗೆ ಕಾಣದ ಉಬ್ಬುಗಳು. ತಾವರೆಯಲ್ಲಿ ಒಂದೊಂದು ಉಬ್ಬಿನ ಅಗಲ ಮಿಲಿಮೀಟರಿನ 100ರಲ್ಲಿ ಸುಮಾರು 1 ಪಾಲು. ಅವುಗಳ ಮೇಲೆ ಇನ್ನೂ ಸೂಕ್ಷ್ಮವಾದ ಮೇಣದ ಹರಳುಗಳು. ಮೇಣಕ್ಕೂ ನೀರಿಗೂ ಮೊದಲೇ ಆಗದು. ಹನಿ ಬಿದ್ದಾಗ ತುದಿಗಳನ್ನಷ್ಟೇ ಮುಟ್ಟಿ ನಿಲ್ಲುತ್ತದೆ. ನಡುವಣ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಎಂದರೆ ಹನಿ ಕುಳಿತಿರುವುದು ಬಹುಮಟ್ಟಿಗೆ ಗಾಳಿಯ ಹಾಸಿಗೆಯ ಮೇಲೆ! ಆದ್ದರಿಂದಲೇ ಅದು ದುಂಡಗಾಗಿ ಉರುಳುತ್ತದೆ. ಧೂಳೂ ತುದಿಗಳ ಮೇಲೆಯೇ ಕುಳಿತಿರುವುದರಿಂದ ಉರುಳುವ ಹನಿ ಅದನ್ನು ಬಳಿದುಕೊಂಡು ಹೋಗುತ್ತದೆ. ಎಲೆಗೆ ಇದು ಬರಿಯ ಅಲಂಕಾರವಲ್ಲ. ರೋಗ ತರುವ ಬೂಷ್ಟಿನ ಕಣಗಳೂ ಹೀಗೆಯೇ ತೊಳೆದುಹೋಗುತ್ತವೆ.

ಗಾಳಿ ಹಿಡಿದಿಟ್ಟ ಮೈಗೆ ನೀರು ಅಂಟದೆಂಬುದನ್ನು ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ ಎಂಬವರು 1944ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಎಲೆಯ ಗುಟ್ಟನ್ನು ಬಿಡಿಸಿದವರು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಟ್‌ಲಾಟ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಮೊದಲು ಎಲೆಗಳನ್ನು ತೊಳೆಯಬೇಕಾಗುತ್ತಿತ್ತು. ಕೆಲವಕ್ಕೆ ಮಾತ್ರ ಆ ಅಗತ್ಯವೇ ಬೀಳುತ್ತಿರಲಿಲ್ಲ. ನೋಡಿದರೆ ಅವೇ ಒರಟು ಎಲೆಗಳು! ಸಹೋದ್ಯೋಗಿಯೊಡನೆ 1997ರಲ್ಲಿ ಅವರು ಇದನ್ನು ವಿವರವಾಗಿ ಪ್ರಕಟಿಸಿದರು. 1999ರಲ್ಲಿ ಇದೇ ತತ್ತ್ವದ ಗೋಡೆಬಣ್ಣ ಪೇಟೆಗೆ ಬಂತು.

ಆದರೆ ಎಲೆಯನ್ನು ಅನುಕರಿಸುವುದು ಸುಲಭವಲ್ಲ. ಆ ಸೂಕ್ಷ್ಮ ಉಬ್ಬುಗಳು ಉಜ್ಜಿದರೆ ಸವೆದುಹೋಗುತ್ತವೆ. ಬೆಳೆಯುವ ಎಲೆ ಕಳೆದ ಮೇಣವನ್ನು ತಕ್ಕಮಟ್ಟಿಗೆ ಮತ್ತೆ ಒಸರಿಸಿಕೊಳ್ಳಬಲ್ಲದು. ಗೋಡೆಗೆ ಆ ಭಾಗ್ಯವಿಲ್ಲ. ಮಳೆಯಂಗಿಗಳ ತಯಾರಕರಲ್ಲಿ ಅನೇಕರು ಬೇರೆ ದಾರಿ ಹಿಡಿದು ಫ್ಲೋರಿನ್ ಕೂಡಿದ ರಾಸಾಯನಿಕಗಳನ್ನು ಬಳಿದರು. ಅಂಗಿಯ ಮೇಲೆ ನೀರು ನಿಲ್ಲಲಿಲ್ಲ, ನಿಜ. ಆದರೆ ಆ ಜಾತಿಯ ವಸ್ತುಗಳು ಬೇಗ ನಾಶವಾಗದೆ ಮಣ್ಣಿನಲ್ಲಿ ಉಳಿದು, ಕುಡಿಯುವ ನೀರಿಗೂ ಮನುಷ್ಯರ ರಕ್ತಕ್ಕೂ ಸೇರಿರುವುದು ಕಂಡುಬಂದಿದೆ. ಕೆಸು ಬರಿಯ ಮೇಣ ಮತ್ತು ಗಾಳಿಯಿಂದ ಸಾಧಿಸಿದ್ದನ್ನು ನಾವೂ ವಿಷವಿಲ್ಲದೆ ಸಾಧಿಸಬಲ್ಲೆವೆ ಎಂಬುದೇ ಈಗ ಪ್ರಯೋಗಶಾಲೆಗಳ ಮುಂದಿರುವ ಪ್ರಶ್ನೆ.

ತಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ಪತ್ರೊಡೆಗೆ ಎಲೆ ತಂದಾಗ ಒಂದನ್ನು ಮಕ್ಕಳಿಗೆಂದು ತೆಗೆದಿಡಿ. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಓರೆಯಾಗಿ ನೋಡಿದರೆ ಅದು ಬೆಳ್ಳಿಯ ತಗಡಿನಂತೆ ಹೊಳೆಯುತ್ತದೆ. ಆ ಹೊಳಪೇ ಸಿಕ್ಕಿಕೊಂಡ ಗಾಳಿ. ಅನಂತರ ಒಂದು ಮೂಲೆಯನ್ನು ಬಟ್ಟೆಯಿಂದ ಬಲವಾಗಿ ಉಜ್ಜಿ ಮತ್ತೆ ಮುಳುಗಿಸಿ, ಅಲ್ಲಿನ ಹೊಳಪು ಏನಾಯಿತೆಂದು ಅವರೇ ಹೇಳಲಿ. ಕೈ ತುರಿಸಿದರೆ, ಹುಣಿಸೆಹಣ್ಣು ಹೇಗೂ ಅಡುಗೆಮನೆಯಲ್ಲಿ ಇದ್ದೇ ಇದೆಯಲ್ಲ!