ಹಸಿರು ಗುಂಡಿಯ ಹಿಂದಿನ ಸುರುಳಿ

(ಕೂಕಟ್‌ಪಲ್ಲಿಯಲ್ಲಿ ಮಾಡಿದ ಭಾಷಣ)



ಹೋಟೆಲಿನ ರುಬ್ಬುವ ಯಂತ್ರಕ್ಕಾಗಲಿ, ಗಿರಣಿಯ ಮೋಟಾರಿಗಾಗಲಿ ನಾವು ಒತ್ತುವ ಹಸಿರು ಗುಂಡಿಯ ಹಿಂದೆ, ಸ್ಟಾರ್ಟರ್ ಪೆಟ್ಟಿಗೆಯಲ್ಲಿ, ತಾಮ್ರದ ತಂತಿಯ ಸುರುಳಿಯೊಂದಿದೆ. ಕಬ್ಬಿಣಕ್ಕೆ ತಂತಿ ಸುತ್ತಿ, ವಿದ್ಯುತ್ ಹರಿಸಿ ಅಯಸ್ಕಾಂತ ಮಾಡಬಹುದೆಂದು ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್ 1825ರಲ್ಲಿ ತೋರಿಸಿದರು. ನಮ್ಮ ಸುರುಳಿಯದೂ ಅದೇ ಕೆಲಸ. ಕರೆಂಟು ಇರುವವರೆಗೆ ಕಬ್ಬಿಣದ ತುಂಡನ್ನು ಸೆಳೆದು ಹಿಡಿದಿರುತ್ತದೆ, ಮೋಟಾರು ತಿರುಗುತ್ತದೆ. ಕರೆಂಟು ಹೋದೊಡನೆ ಹಿಡಿತ ಬಿಟ್ಟು, ಸ್ಪ್ರಿಂಗು ಸಂಪರ್ಕ ಕಡಿಯುತ್ತದೆ. ಕರೆಂಟು ಬಂದರೂ, ಮತ್ತೆ ಗುಂಡಿ ಒತ್ತದೆ ಯಂತ್ರ ಓಡದು.

ವೋಲ್ಟೇಜು ಕುಗ್ಗಿ ಮೋಟಾರು ಪದೇ ಪದೇ ನಿಂತಾಗ ಕೆಲವರು ಗುಂಡಿಗೆ ಕಡ್ಡಿ ಸಿಕ್ಕಿಸುತ್ತಾರೆ. ಆಗ ಈ ಕಾವಲು ಹೋಯಿತೆಂದೇ ತಿಳಿಯಿರಿ. ಕೈ ಒಳಗಿರುವಾಗಲೇ ಯಂತ್ರ ತಿರುಗೀತು! ಸ್ಟಾರ್ಟರ್ ಕೆಟ್ಟರೆ ರಿಪೇರಿ ಮಾಡಿಸಿಕೊಡಿರೆಂದು ಮಾಲೀಕರನ್ನು ಕೇಳೋಣ; ಕಡ್ಡಿ ಮಾತ್ರ ಸಿಕ್ಕಿಸುವುದು ಬೇಡ. ಕೈಯಿದ್ದರೆ ತಾನೆ ಕೂಲಿ?